ಬಾಲದವನ ಎಣಿಕೆ

“ಒಂಬತ್ತು ಜನ ಹೋದರು, ಒಂಬತ್ತು ಜನ ಬಂದರು. ಬಾರದೆ ಉಳಿದವನು ಯಾರು?”

ತಲೆ ಕೆರೆದುಕೊಳ್ಳಬೇಡಿ, ಇದು ನಿಮ್ಮಿಂದ ಆಗುವ ಕೆಲಸವಲ್ಲ. ಹತ್ತು ವರ್ಷದಿಂದ ಮೇಷ್ಟ್ರು ಪ್ರತಿ ಭಾನುವಾರ ಈ ಒಗಟನ್ನು ಕೇಳುತ್ತಾ ಬಂದಿದ್ದಾರೆ. ಒಬ್ಬನೂ ಬಿಡಿಸಿಲ್ಲ. ಸೈಕಲ್ಲಿನ ಗಾಳಿ ಎಂದವರುಂಟು. ನೆರಳು ಎಂದವರುಂಟು. ಹೆಂಡತಿಗೆ ಕೊಟ್ಟ ಮಾತು ಎಂದು ಹೇಳಿ ಬೈಸಿಕೊಂಡವನೂ ಒಬ್ಬನಿದ್ದ. ಅವನೇ ಹಿಟ್ಟಿನ ಗಿರಣಿಯ ಜವರಪ್ಪ.

ಮೇಷ್ಟ್ರು ಹೈಸ್ಕೂಲಿನಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೂ ಹಳೆಯ ಶಿಷ್ಯರನ್ನು ಬಿಡಲಿಲ್ಲ. ವಾರಕ್ಕೊಮ್ಮೆ ಅವರನ್ನೆಲ್ಲ ಸೈಕಲ್ ಹತ್ತಿಸಿ ಊರಾಚೆ ಕರೆದೊಯ್ಯುವರು. ಆ ಸವಾರಿಯಲ್ಲಿ ಅವಸರವೆಂಬುದಿಲ್ಲ. ಬೋಂಡದ ವಾಸನೆ ಬಂದಲ್ಲಿ ಬ್ರೇಕು. ನಿಯಮ ಮಾತ್ರ ಒಂದುಂಟು. ಪ್ರತಿ ವಾರ ಒಬ್ಬನನ್ನು ಬಾಲ ಮಾಡುವರು. ಬಾಲವಾದವನು ಎಲ್ಲರಿಗಿಂತ ಹಿಂದೆ ಬರಬೇಕು. ಅವನ ಹಿಂದೆ ಯಾರೂ ಉಳಿಯಬಾರದು. ನಿಂತ ಕಡೆಯೆಲ್ಲ ಅವನು ತಲೆ ಎಣಿಸಬೇಕು.

ಆ ಭಾನುವಾರ ಬಾಲ ಜವರಪ್ಪ. ಸೈಕಲ್ ಹಿಂದಿದ್ದರೂ ಹೊಟ್ಟೆ ಮುಂದಿದೆ ಎಂದು ಬೆಳಗ್ಗೆಯೇ ಎಲ್ಲರೂ ನಕ್ಕಾಗಿತ್ತು. ಅದಕ್ಕೆ ಅವನಿಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಬಾಡೂಟದ್ದು. ಭಾಮೈದ ಬಂದಿದ್ದ, ಮನೆಯಲ್ಲಿ ನಾಟಿಕೋಳಿ ಬೇಯುತ್ತಿತ್ತು. ಒಂದು ಗಂಟೆಯೊಳಗೆ ಎಲೆಯ ಮುಂದೆ ಕೂರದಿದ್ದರೆ ಅವನ ಪಾಲಿಗೆ ಉಳಿಯುವುದು ಬರೀ ಸಾರು.

ಮೂರನೆಯ ಸಲ ಅವರು ನಿಂತದ್ದು ರಸ್ತೆ ಬದಿಯ ಒಂದು ಟೀ ಅಂಗಡಿಯಲ್ಲಿ. ಜವರಪ್ಪ ತಲೆ ಎಣಿಸಿದ. ಹನ್ನೆರಡು. ಊರಿನಿಂದ ಹೊರಟವರೂ ಹನ್ನೆರಡು.

“ಎಣಿಕೆ ಸರಿಯಾಗೈತೆ ಮೇಷ್ಟ್ರೇ. ಹೊರಡಾನ.”

ಮೇಷ್ಟ್ರು ಬಂದ ದಾರಿಯನ್ನೇ ನೋಡುತ್ತಿದ್ದರು. “ಆ ನೀಲಿ ಬನಿಯನ್ನಿನವನು ದಾಟಿ ಹೋದನೇನೋ?”

ನೀಲಿ ಬನಿಯನ್ನಿನವನು ಓಟಗಾರ. ಬೆಳಗ್ಗೆಯಿಂದ ಅದೇ ದಾರಿಯಲ್ಲಿ ಒಂಟಿಯಾಗಿ ಓಡುತ್ತಿದ್ದ. ಇವರು ತಿನ್ನಲು ನಿಂತಾಗ ಅವನು ಇವರನ್ನು ದಾಟುತ್ತಿದ್ದ. ತಿಂದು ಹೊರಟ ಮೇಲೆ ಇವರು ಅವನನ್ನು ದಾಟುತ್ತಿದ್ದರು. ಎರಡನೆಯ ಸಲ ಜವರಪ್ಪನ ಕೈಯಿಂದ ಅರ್ಧ ಬಾಳೆಹಣ್ಣು ತೆಗೆದುಕೊಂಡು, ಓಡುತ್ತಲೇ ಕೈ ಮುಗಿದಿದ್ದ. ಈಗ ಇವರು ನಿಂತು ಮುಕ್ಕಾಲು ಗಂಟೆಯಾಗಿತ್ತು. ಬಿಸಿಲು ಏರಿತ್ತು. ಅವನು ಬಂದಿರಲಿಲ್ಲ.

“ಅವನು ನಮ್ಮೋನಲ್ವಲ್ಲ ಮೇಷ್ಟ್ರೇ,” ಎಂದ ಜವರಪ್ಪ. “ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಸಾಕಾಗಿ ಯಾವ್ದೋ ಬಸ್ ಹತ್ತಿರ್ತಾನೆ. ನಮ್ಮ ಎಣಿಕೇಲಿ ಇಲ್ಲದೋನಿಗೂ ಬಾಲ ಕಾಯ್ಬೇಕಾ?”

ಮೇಷ್ಟ್ರು ಟೀ ಲೋಟವನ್ನು ಕೆಳಗಿಟ್ಟರು.

“ಒಂದು ಕತೆ ಹೇಳ್ತೀನಿ, ಕೂತ್ಕೊ. ಈ ಟೀ ಆರೋದ್ರೊಳಗೆ ಮುಗಿಯುತ್ತೆ.”

ಕೋಳಿಯ ತೊಡೆಯೊಂದು ಭಾಮೈದನ ಎಲೆಗೆ ಹಾರಿದ್ದು ಜವರಪ್ಪನಿಗೆ ಕಂಡಂತಾಯಿತು. ಆದರೂ ಕೂತ. ಡ್ರಿಲ್ ಮೇಷ್ಟ್ರು ಕೂರು ಎಂದರೆ ಕೂರುವುದೂ ಡ್ರಿಲ್ಲೇ.

ಮೇಷ್ಟ್ರು ಹೇಳಿದ ಕತೆ ಇದು.

ಒಂದು ಊರಿನಿಂದ ಒಂಬತ್ತು ಜನ ಸೈಕಲ್ ಏರಿ ಕೆರೆ ನೋಡಲು ಹೊರಟರು. ಅವರಿಗೂ ಒಬ್ಬ ಬಾಲದವನಿದ್ದ. ಅದೇ ದಾರಿಯಲ್ಲಿ ಒಬ್ಬ ಓಟಗಾರನೂ ಹೊರಟಿದ್ದ. ನಲವತ್ತೆರಡು ಕಿಲೋಮೀಟರನ್ನು ಒಂದು ಸಲವಾದರೂ ನಿಲ್ಲದೆ ಓಡಿ ಮುಗಿಸಬೇಕು ಎಂಬುದು ಅವನ ಆಸೆ. ಯಾರಿಗೂ ತೋರಿಸುವುದಕ್ಕಲ್ಲ. ತನ್ನ ಕಾಲು ತನ್ನ ಮಾತು ಕೇಳುತ್ತದೆಯೇ ಎಂದು ನೋಡುವುದಕ್ಕೆ.

ಸವಾರರು ಇಡ್ಲಿಗೆ ನಿಂತರು. ಓಟಗಾರ ಮುಂದೆ ಹಾದು ಹೋದ. “ಬಾರಪ್ಪ, ಎರಡು ಇಡ್ಲಿ ತಿನ್ನು,” ಎಂದು ಬಾಲದವನು ಕೂಗಿದ. “ನಿಂತ್ರೆ ಕಾಲು ಹಿಡ್ಕೊಳ್ಳುತ್ತೆ ಅಣ್ಣ,” ಎಂದು ಓಟಗಾರ ನಗುತ್ತಾ ಹೋದ. ಮುಂದೆ ಸವಾರರು ಎಳನೀರಿಗೆ ನಿಂತರು. ಓಟಗಾರ ಮತ್ತೆ ಬಂದ. ಈ ಸಲ ಬಾಲದವನು ಎಳನೀರು ಹಿಡಿದು ಅವನ ಪಕ್ಕದಲ್ಲೇ ಓಡಿದ. ಓಟಗಾರ ಅರ್ಧ ಕುಡಿದ, ಅರ್ಧ ಮೈಮೇಲೆ ಚೆಲ್ಲಿಕೊಂಡ. ನೋಡಿದವರೆಲ್ಲ ನಕ್ಕರು. ಇವನು ನಮ್ಮ ಹತ್ತನೆಯವನು ಎಂದು ಯಾರೋ ಅಂದರು.

ಮೂರನೆಯ ಸಲ ಅವರು ಟೀಗೆ ನಿಂತರು. ಬಾಲದವನು ತಲೆ ಎಣಿಸಿದ. ಒಬ್ಬ ಕಡಿಮೆ ಎಂದ.

“ಗೊತ್ತಾಯ್ತು ಬಿಡಿ,” ಎಂದು ಜವರಪ್ಪ ನಡುವೆ ಬಾಯಿ ಹಾಕಿದ. “ಎಣಿಸೋನು ತನ್ನೇ ಬಿಟ್ಟು ಎಣಿಸ್ದ, ಒಬ್ಬ ಹೋಗ್ಬುಟ್ಟ ಅಂತ ಕೂತ್ಕೊಂಡು ಅತ್ತ. ಈ ಕತೇನ ನಮ್ಮಜ್ಜಿ ಹೇಳೋಳು.”

“ನಿಮ್ಮಜ್ಜಿ ಕತೆಯವನು ದಡ್ಡ,” ಎಂದರು ಮೇಷ್ಟ್ರು. “ಈ ಬಾಲದವನು ಜಾಣ. ತನ್ನನ್ನೇ ಮೊದಲು ಎಣಿಸ್ಕೊಳ್ಳೋನು.”

ಕತೆ ಮುಂದುವರಿಯಿತು.

ಒಬ್ಬ ಕಡಿಮೆ ಎಂದದ್ದಕ್ಕೆ ಮುಂದಾಳು ಸಿಟ್ಟಾದ. ನಾವು ಹೊರಟದ್ದೇ ಒಂಬತ್ತು, ಇಲ್ಲಿರುವುದೂ ಒಂಬತ್ತು, ನಿನ್ನ ತಲೆಗೆ ಬಿಸಿಲು ಏರಿದೆ ಎಂದ. ಬೆಳಗ್ಗೆಯಿಂದ ನಾನು ಹತ್ತು ಎಣಿಸುತ್ತಾ ಬಂದಿದ್ದೇನೆ ಎಂದ ಬಾಲದವನು. ಉಳಿದವರು ನಗುತ್ತಿರುವಾಗಲೇ ಸೈಕಲ್ಲನ್ನು ಬಂದ ದಾರಿಗೆ ತಿರುಗಿಸಿದ.

ಮೂರು ಮೈಲಿ ಹಿಂದೆ ಒಂದು ಮೋರಿಯ ಪಕ್ಕದಲ್ಲಿ ಓಟಗಾರ ಬಿದ್ದಿದ್ದ. ಮೀನಖಂಡ ಸೆಟೆದು ಕೊರಡಾಗಿತ್ತು. ತುಟಿಯ ಮೇಲೆ ಉಪ್ಪು ಕಟ್ಟಿತ್ತು. ಎರಡು ಬಸ್ಸು ಹಾದು ಹೋಗಿದ್ದವು. ಕೈ ಎತ್ತುವ ಶಕ್ತಿ ಅವನಲ್ಲಿರಲಿಲ್ಲ. ಬಾಲದವನು ಅವನನ್ನು ನೆರಳಿಗೆ ಎಳೆದು ನೀರು ಕುಡಿಸಿದ. ಕಾಲು ನೀವಿದ. ಜೀವ ಬಂದ ಮೇಲೆ ಕ್ಯಾರಿಯರ್ ಮೇಲೆ ಕೂರಿಸಿಕೊಂಡ. ಓಟಗಾರ ಹಿಂದೆ ಕೂತು ಮಗುವಿನಂತೆ ಅತ್ತ. ಅತ್ತದ್ದು ನೋವಿಗಲ್ಲ.

“ಓಡಿ ಮುಗಿಸ್ಲಿಲ್ವಲ್ಲ ಅಣ್ಣ.”

“ಓಟ ಮುಂದಿನ ವಾರಾನೂ ಇರುತ್ತೆ. ನನ್ನ ಎಣಿಕೆ ಇವತ್ತೇ ಮುಗೀಬೇಕು.”

ಹೀಗೆ ಒಂಬತ್ತು ಸೈಕಲ್ಲಿನ ಮೇಲೆ ಹತ್ತು ಜನ ಊರು ಸೇರಿದರು. ಮೇಷ್ಟ್ರ ಕತೆ ಅಲ್ಲಿಗೆ ಮುಗಿಯಿತು. ಲೋಟದಲ್ಲಿ ಟೀ ಇನ್ನೂ ಬೆಚ್ಚಗಿತ್ತು.

ಜವರಪ್ಪನ ಮೂಗು ಒದ್ದೆಯಾಗಿತ್ತು. ಬೇರೆಯವರು ನೋಡುವ ಮೊದಲು ಟವೆಲಿನಿಂದ ಒರೆಸಿಕೊಂಡ. ಆಮೇಲೆ ಅವನಿಗೆ ಏನೋ ಹೊಳೆಯಿತು. ಬೆರಳು ಮಡಿಚಿ ಮಡಿಚಿ ನೋಡಿದ. ಹತ್ತು ವರ್ಷದ ಮೇಲೆ ಮೇಷ್ಟ್ರು ಕೈಗೆ ಸಿಕ್ಕಿದ್ದರು. ಅವನ ಮುಖ ಗಿರಣಿಯ ಕಲ್ಲಿನಷ್ಟು ಅಗಲವಾಯಿತು.

“ಹಂಗಾದ್ರೆ ವಾಪಸ್ ಬಂದೋರು ಹತ್ತಾಯ್ತಲ್ಲ ಮೇಷ್ಟ್ರೇ. ಬಾರದೆ ಉಳಿದೋನು ಯಾರೂ ಇಲ್ಲ. ನೀವು ಪ್ರತಿ ವಾರ ಒಂಬತ್ತು ಜನ ಬಂದ್ರು, ಒಬ್ಬ ಬರ್ಲಿಲ್ಲ ಅಂತೀರಿ. ಇಷ್ಟು ವರ್ಷ ನಮ್ಮ ತಲೆ ತಿಂದ್ರಲ್ಲ, ನಿಮ್ಮ ಒಗಟೇ ತಪ್ಪು.”

ಸುತ್ತ ಕೂತವರು ಗೊಳ್ಳೆಂದು ನಕ್ಕರು. ಮೇಷ್ಟ್ರು ನಗಲಿಲ್ಲ. ಅವರ ಕಣ್ಣು ಇನ್ನೂ ಆ ದಾರಿಯ ಮೇಲೇ ಇತ್ತು.

“ಒಗಟು ಸರಿಯಾಗೇ ಇದೆ ಜವರ. ಬಾಲದವನು ಹಿಂದಕ್ಕೆ ಹೋದ ಅನ್ನೋ ಕೊನೆ ನಾನು ಕಟ್ಟಿದ್ದು. ಆವತ್ತು ಬಾಲ ನಾನೇ.”

ಜವರಪ್ಪ ಎದ್ದು ನೀರಿನ ಬಾಟಲಿ ತುಂಬಿಸಿಕೊಂಡ, ಸೈಕಲ್ಲನ್ನು ಬಂದ ದಾರಿಗೆ ತಿರುಗಿಸಿದ.