ಅರಮನೆಯ ಚರಟ

ಡಂಗುರದವನ ಗಂಟಲು ಕಟ್ಟಿಹೋಗಿತ್ತು. ಅದೇ ಮಾತನ್ನು ಹತ್ತನೆಯ ಸಲ ಸಾರುವುದೆಂದರೆ ಸುಮ್ಮನೆಯೇ? ಚೀನ ದೇಶದ ಆ ಪುಟ್ಟ ರಾಜ್ಯದಲ್ಲಿ ರಾಜಮಾತೆ ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಅವಳಿಗೆ ಮದ್ದು ಕೊಡಬೇಕೆಂದರೆ ಮೊದಲು ಅವಳ ಮೂರು ಒಗಟು ಬಿಡಿಸಬೇಕು, ತಪ್ಪು ಹೇಳಿದರೆ ತಲೆದಂಡ. ಈ ಸಲ ಮೂರು ಮದ್ದಿನಂಗಡಿಗಳ ಸರದಿ, ಅಂಗಡಿಗೊಬ್ಬರು ಬರಲೇಬೇಕು.

ಒಂಬತ್ತು ತಲೆ ಆಗಲೇ ಉರುಳಿದ್ದವು. ಅವಳನ್ನು ಬೈಯಬೇಕೆನಿಸಿದರೆ ಬೈದುಕೊಳ್ಳಿ, ನಾನೇನೂ ಅಡ್ಡ ಬರುವುದಿಲ್ಲ. ಆದರೆ ಅವಳ ಮಾತನ್ನೂ ಕೇಳಬೇಕು: ಮೂರು ವರ್ಷ ತನ್ನ ಮೇಲೆ ಮದ್ದು ಪರೀಕ್ಷಿಸಿದವರೆಲ್ಲ ಉಂಡು ಮಲಗಿ ಹಾಯಾಗಿದ್ದಾರೆ, ಪ್ರಾಣ ಪಣಕ್ಕಿಟ್ಟವಳು ತಾನೊಬ್ಬಳೇ, ಇನ್ನು ಅವರೂ ಇಡಲಿ ಎಂದಿದ್ದಳು.

ತಾಂಗ್ ಪಂಡಿತರ ಅಂಗಡಿಯಿಂದ ಹೊರಟವನು ಲುವೊ ಹೆ. ಅವನು ವೈದ್ಯನಲ್ಲ, ಹನ್ನೆರಡು ವರ್ಷದಿಂದ ಕಷಾಯ ಕುದಿಸುವವನು. ಆ ವರ್ಷ ಊರಿಗೆ ಜ್ವರ ಬಡಿದು ನಾಲ್ಕು ತಿಂಗಳು ಒಲೆ ಆರಿರಲಿಲ್ಲ. ಪಂಡಿತರಿಗೆ ಎಂಬತ್ತು ದಾಟಿತ್ತು. ನಾನೇ ಹೋಗುತ್ತೇನೆ ಎಂದು ಲುವೊ ಹೆ ಎದ್ದ. ಧೈರ್ಯವೆಂದುಕೊಳ್ಳಬೇಡಿ, ಹೆದರುವುದಕ್ಕೂ ಅವನಲ್ಲಿ ತ್ರಾಣ ಉಳಿದಿರಲಿಲ್ಲ.

ಅರಮನೆಯಲ್ಲಿ ಅವನ ಜೊತೆ ನಿಂತವರು ಇಬ್ಬರು. ಒಬ್ಬ ಗ್ರಂಥಗಳನ್ನೆಲ್ಲ ಬಾಯಿಪಾಠ ಮಾಡಿದ್ದ ಬೊಜ್ಜಿನ ಕಿಯಾವೊ, ಇನ್ನೊಬ್ಬ ಸೂಜಿ ಚುಚ್ಚಿ ನೋವು ಇಳಿಸುವ ಮುದುಕ ಗಾವೊ. ಪರದೆಯ ಹಿಂದಿನಿಂದ ಬಳಲಿದ ದನಿಯೊಂದು ಕೇಳಿತು.

"ಮದ್ದಿನ ಪುಸ್ತಕದ ಪ್ರತಿ ಪುಟದಲ್ಲೂ ಒಬ್ಬ ಇದ್ದಾನೆ. ಆದರೆ ಯಾವ ಪುಟದಲ್ಲೂ ಅವನ ಹೆಸರಿಲ್ಲ. ಯಾರವನು?"

ಕಿಯಾವೊ ತಡಮಾಡಲಿಲ್ಲ. ಗಿಡಮೂಲಿಕೆಗಳನ್ನೆಲ್ಲ ರುಚಿ ನೋಡಿ ಜನಕ್ಕೆ ತಿಳಿಸಿದ ಆದಿಕಾಲದ ಅರಸ ಎಂದುಬಿಟ್ಟ. ಆ ಅರಸನ ಹೆಸರು ಪುಸ್ತಕದ ಮೊದಲ ಸಾಲಿನಲ್ಲೇ ಇದೆಯಲ್ಲ ಎಂದಳು ರಾಜಮಾತೆ. ಭಟರು ಅವನ ತೋಳು ಹಿಡಿದು ಕರೆದೊಯ್ದರು. ಸಂಜೆ ಅವನ ತಲೆ ಹೋಗುವುದಿತ್ತು.

ಗಾವೊ ಹಿಂದೆ ಸರಿದು ಲುವೊ ಹೆಯನ್ನು ಮುಂದೆ ಬಿಟ್ಟ. ಲುವೊ ಹೆ ನಿಧಾನಕ್ಕೆ ಹೇಳಿದ: "ತಿಂದು ಸತ್ತವನು, ತಾಯಿ. ಈ ಬೇರು ವಿಷ ಎಂದು ಬರೆಯಬೇಕಾದರೆ ಯಾರೋ ಅದನ್ನು ತಿಂದಿರಲೇಬೇಕು. ಅವನು ಯಾರೆಂದು ಯಾರೂ ಕೇಳಲಿಲ್ಲ."

ಸರಿ ಎಂದಳು ರಾಜಮಾತೆ. ಆಮೇಲೆ ಎರಡನೆಯದು ಬಂತು. "ಮುತ್ತಜ್ಜನ ಕೈಯಲ್ಲಿ ಕಲ್ಲು, ಅಜ್ಜನ ಕೈಯಲ್ಲಿ ಮೂಳೆ, ಅಪ್ಪನ ಕೈಯಲ್ಲಿ ಕಂಚು, ಮಗನ ಕೈಯಲ್ಲಿ ಬೆಳ್ಳಿ. ಇಷ್ಟೆಲ್ಲ ಬದಲಾದರೂ ಬದಲಾಗದೆ ಉಳಿದದ್ದು ಯಾವುದು?"

ಗಾವೊನ ಮುಖ ಅರಳಿತು. ಅವನ ಕಸುಬೇ ಅಲ್ಲವೇ! ಸೂಜಿ ಎಂದ. ಬದಲಾದದ್ದೇ ಸೂಜಿ, ನಾನು ಕೇಳಿದ್ದು ಬದಲಾಗದ್ದನ್ನು ಎಂದಳು ಅವಳು. ಮುದುಕ ಕುಸಿದು ಕೂತ. ಅವನನ್ನು ಎತ್ತಿಕೊಂಡೇ ಹೋಗಬೇಕಾಯಿತು.

"ನೋವು," ಎಂದ ಲುವೊ ಹೆ. "ಕಲ್ಲು ಚುಚ್ಚಿಸಿಕೊಂಡವನದೂ ಬೆಳ್ಳಿ ಚುಚ್ಚಿಸಿಕೊಂಡವನದೂ ಅದೇ ನೋವು."

"ಹೌದು. ಮೂರನೆಯದು ಕೇಳು. ಬಡವರ ಗುಡಿಸಲಲ್ಲಿ ಇದೇ ಕಾಯಿಲೆ ವಾಸಿಯಾಗುತ್ತದೆಯಂತೆ, ಇಲ್ಲಿ ಆಗುವುದಿಲ್ಲ. ಅಲ್ಲಿರುವುದು, ಇಲ್ಲಿಲ್ಲದ್ದು ಏನು?"

ಭಕ್ತಿ, ಹಸಿವು, ಮಕ್ಕಳ ಆರೈಕೆ, ಏನೇನೋ ನಾಲಗೆಯ ತುದಿಗೆ ಬಂತು. ಲುವೊ ಹೆ ಎಲ್ಲವನ್ನೂ ನುಂಗಿಕೊಂಡ. ಅವನಿಗೆ ನಿಜವಾಗಿ ಗೊತ್ತಿದ್ದದ್ದು ಮಡಕೆಯೊಂದೇ. ಕುದಿಸಿದ ಕಷಾಯವನ್ನು ಸೋಸಿದ ಮೇಲೆ ಮಡಕೆಯಲ್ಲಿ ಏನು ಉಳಿಯುತ್ತದೆ, ಅದನ್ನು ಇಲ್ಲಿ ಏನು ಮಾಡುತ್ತಾರೆ?

"ತಾಯಿ, ನಿಮ್ಮ ಕಷಾಯದ ಚರಟ ಎಲ್ಲಿಗೆ ಹೋಗುತ್ತದೆ?"

ಹಿತ್ತಲಲ್ಲಿ ಹೂಳುತ್ತಾರೆ, ರಾಜಮಾತೆಯ ಕಾಯಿಲೆ ಏನೆಂದು ಹೊರಗಿನವರಿಗೆ ತಿಳಿಯಬಾರದಲ್ಲ ಎಂದು ದಾಸಿಯೊಬ್ಬಳು ಹೇಳಿದಳು.

"ಹಾಗಾದರೆ ನನ್ನ ಉತ್ತರ ಅದೇ. ಬಾಗಿಲ ಮುಂದೆ ಚೆಲ್ಲಿದ ಚರಟ. ಊರಿನಲ್ಲಿ ನಾವು ಅದನ್ನು ಬೀದಿಗೇ ಸುರಿಯುತ್ತೇವೆ. ಹೋಗುವವರು ತುಳಿದರೆ ಕಾಯಿಲೆ ಹೋಗುತ್ತದೆ ಎಂದು ಜನ ನಂಬುತ್ತಾರೆ. ನನಗೆ ಅದು ಗೊತ್ತಿಲ್ಲ. ಆದರೆ ದಾರಿಹೋಕ ವೈದ್ಯನೊಬ್ಬ ಬಗ್ಗಿ ನೋಡಿ, ಅಮ್ಮಾ ಇದು ತಪ್ಪು ಮದ್ದು ಎಂದು ಬಾಗಿಲು ತಟ್ಟಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ನಿಮ್ಮ ಬಾಗಿಲು ತಟ್ಟುವವರಿಲ್ಲ."

ಹಿತ್ತಲು ಅಗೆಸಿದರು. ಲುವೊ ಹೆ ಚರಟವನ್ನು ಬೆರಳಿಂದ ಬಿಡಿಸಿ ಬಿಡಿಸಿ ಇಟ್ಟ. ಮೈ ತಂಪಾಗಿಸುವ ಬೇರು, ಅದರ ಪಕ್ಕದಲ್ಲೇ ಮೈ ಬಿಸಿಯೇರಿಸುವ ತೊಗಟೆ, ನಿದ್ದೆ ಬರಿಸುವ ಬೀಜ, ನಿದ್ದೆ ಓಡಿಸುವ ಎಲೆ. ಬಂದ ಪ್ರತಿ ವೈದ್ಯನೂ ತನ್ನದನ್ನು ಸೇರಿಸಿದ್ದ, ಹಿಂದಿನವನದನ್ನು ತೆಗೆಯುವ ಧೈರ್ಯ ಯಾರಿಗೂ ಆಗಿರಲಿಲ್ಲ. ನಲವತ್ತೊಂದು ಮದ್ದು ಒಂದೇ ಮಡಕೆಯಲ್ಲಿ ಕುದಿಯುತ್ತಿತ್ತು.

ಪರದೆ ಸರಿಯಿತು. ಒಣಗಿದ ಮುಖದ ಮುದುಕಿಯೊಬ್ಬಳು ಅವನನ್ನೇ ನೋಡುತ್ತಿದ್ದಳು. "ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ ಕಣಪ್ಪ," ಎಂದಳು. "ಗೊತ್ತಿದ್ದವರು ಬರಲಿ ಎಂದು ಕಾಯುತ್ತಿದ್ದೆ. ತಪ್ಪು ನನ್ನ ಮಡಕೆಯಲ್ಲೇ ಇತ್ತು. ಹಾಗಾದರೆ ಆ ಒಂಬತ್ತು ಜನರನ್ನು ನಾನು ಸುಮ್ಮನೆ ಕೊಂದೆ."

ಲುವೊ ಹೆ ಅಲ್ಲವೆನ್ನಲಿಲ್ಲ. ಏನು ಬೇಕೋ ಕೇಳು ಎಂದು ಅವಳು ಹೇಳಿದಾಗ, ಒಳಗೆ ಕೂಡಿಹಾಕಿದ ಇಬ್ಬರನ್ನು ಬಿಟ್ಟುಕೊಡಿ ಎಂದ. ಅವಳು ಬಿಡಿಸಿದಳು. ಒಗಟಿನ ಡಂಗುರ ಅಂದಿಗೇ ನಿಂತಿತು. ಅವನನ್ನು ಅರಮನೆಯ ಮದ್ದಿನ ಮನೆಗೆ ಒಡೆಯನನ್ನಾಗಿ ಮಾಡಿದರು. ಅಂದು ಅವನು ನಲವತ್ತೊಂದರಲ್ಲಿ ಮೂವತ್ತೇಳನ್ನು ತೆಗೆದುಹಾಕಿ, ಉಳಿದ ನಾಲ್ಕನ್ನು ಕುದಿಸಿದ.

ಮರುದಿನ ಬೆಳಿಗ್ಗೆ ಆ ಚರಟವನ್ನು ಹೆಬ್ಬಾಗಿಲ ಮುಂದಿನ ಬೀದಿಗೆ ಸುರಿದರು. ಅದು ಅರಮನೆಯದೆಂದು ಜನ ಬಳಸಿ ಬಳಸಿ ಹೋದರು. ಮನೆಗೆ ಹೊರಟಿದ್ದ ಗಾವೊ ಮಾತ್ರ ಅಭ್ಯಾಸಬಲದಿಂದ ಕುಕ್ಕರುಗಾಲಲ್ಲಿ ಕೂತು ಕೆದಕಿ ನೋಡಿದ. "ಶುಂಠಿ ಹೆಚ್ಚಾಯಿತು," ಎಂದ. ಎಂದವನೇ ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡ.

ಬಾಗಿಲ ಒಳಗೆ ಪಲ್ಲಕ್ಕಿಯಲ್ಲಿ ಕೂತಿದ್ದ ರಾಜಮಾತೆ ಲುವೊ ಹೆಯ ಕಡೆ ತಿರುಗಿದಳು.

"ಕೇಳಿಸಿತೇನಪ್ಪ? ನಾಳೆಗೆ ಕಡಿಮೆ ಹಾಕು."