ಗುರುಗಳು ಕನ್ನಡಕ ಕೊಡಲಿಲ್ಲ

ಹೊಳೆದಡದ ಆಶ್ರಮಕ್ಕೆ ಆ ಬೆಳಿಗ್ಗೆ ಸಾಲಾಗಿ ಸರ್ಕಾರಿ ಕಾರುಗಳು ಬಂದವು. ಬಂದವನು ಗುರುಗಳ ಹಳೆಯ ಶಿಷ್ಯ ಪಂಚಾಕ್ಷರಿ. ಹಿಂದೆಲ್ಲ ಬಸ್ಸಿಳಿದು ನಡೆದು ಬರುತ್ತಿದ್ದ.

ಆತ ಆ ದೇಶದ ಹಿರಿಯ ನ್ಯಾಯಾಧೀಶ. ಜನ ತಿರುಗಿಬಿದ್ದಾಗ ಆಳುತ್ತಿದ್ದವನು ಓಡಿಹೋಗಿದ್ದ. ಕುರ್ಚಿಗಾಗಿ ಕಚ್ಚಾಡುತ್ತಿದ್ದ ಪಕ್ಷಗಳೆಲ್ಲ ಒಪ್ಪಿದ್ದು ಒಂದೇ ಹೆಸರನ್ನು. "ಚುನಾವಣೆ ಆಗುವ ತನಕ ನೀವೇ ನೋಡಿಕೊಳ್ಳಿ" ಎಂದು ಕೈಮುಗಿದು ಅವನನ್ನು ಕೂರಿಸಿದ್ದರು.

ಈಗ ಚುನಾವಣೆ ಹತ್ತಿರ ಬಂದಿತ್ತು. ಪಂಚಾಕ್ಷರಿಗೆ ನಿದ್ದೆ ದೂರವಾಗಿತ್ತು.

"ಬುದ್ಧೀ, ಆಶೀರ್ವಾದ ಬೇಕು" ಎಂದ, ಗುರುಗಳ ಕಾಲಿಗೆರಗಿ. "ಸಂಜೆಯೊಳಗೆ ಒಂದು ಆದೇಶಕ್ಕೆ ಸಹಿ ಹಾಕಬೇಕು."

"ಎಂಥ ಆದೇಶವಯ್ಯಾ?"

"ಚುನಾವಣೆ ಮುಂದಕ್ಕೆ ಹಾಕೋದು. ಈಗ ಬಿಟ್ಟರೆ ಊರೂರೇ ಹೊತ್ತಿ ಉರಿಯುತ್ತೆ ಅನ್ನೋ ಹೆದರಿಕೆ. ಊಟ ಸೇರ್ತಿಲ್ಲ. ನಾನೇನೂ ಮನಸ್ಸಿಗೆ ಬಂದಂತೆ ಮಾಡಿಲ್ಲ ಬುದ್ಧಿ. ಬೇಕು ಅನ್ನೋರನ್ನೂ ಬೇಡ ಅನ್ನೋರನ್ನೂ ಕರೆಸಿದೆ. ಕೋರ್ಟಿನಲ್ಲಿ ಹೇಗೋ ಹಾಗೇ ಇಬ್ಬರ ವಾದವನ್ನೂ ಕೇಳಿದೆ. ಆಮೇಲೇ ತೀರ್ಮಾನಿಸಿದ್ದು."

"ಎಲ್ಲಿಯವರೆಗೆ ಮುಂದಕ್ಕೆ?"

"ಎಲ್ಲ ತಣ್ಣಗಾಗೋವರೆಗೆ."

ಗುರುಗಳು ಹೊಳೆಯತ್ತ ಕೈ ತೋರಿದರು. "ಮೊದಲು ಹೊಳೆಯಲ್ಲಿ ಮುಳುಗಿ ಬಾ" ಎಂದರು.

ಆಶೀರ್ವಾದ ಬೇಕಾದವರು ಮೊದಲು ಮೀಯಬೇಕು, ಅದು ಅಲ್ಲಿಯ ಪದ್ಧತಿ. ದೇಶ ಆಳುವವನಿಗೂ ವಿನಾಯಿತಿ ಇಲ್ಲ.

ಮೆಟ್ಟಿಲ ಮೇಲೆ ನಿಂತು ಪಂಚಾಕ್ಷರಿ ಕನ್ನಡಕ ತೆಗೆದ. "ಒಂದು ಗಳಿಗೆ ಹಿಡಿದಿರಿ ಬುದ್ಧಿ" ಎಂದು ಗುರುಗಳ ಕೈಗೆ ಕೊಟ್ಟು ನೀರಿಗಿಳಿದ.

ಮುಳುಗಿ ಎದ್ದಾಗ ಎದುರಿನ ದಡ, ಮೆಟ್ಟಿಲು, ಗುರುಗಳು ಎಲ್ಲ ಮಂಜುಮಂಜು. ಒದ್ದೆ ಕೈ ಚಾಚಿದ.

"ಇರಲಿ" ಎಂದರು ಗುರುಗಳು. "ಮೆಟ್ಟಿಲು ಪಾಚಿಗಟ್ಟಿದೆ. ಜಾರಿ ಬಿದ್ದೀಯ, ಒಡೆದುಹೋದೀತು."

ಅವರ ತೋಳು ಹಿಡಿದು ತಡವರಿಸುತ್ತ ಮೇಲೆ ಬಂದ. ಮತ್ತೆ ಕೈ ಚಾಚಿದ.

"ನಿನ್ನ ಕೈ ನಡುಗ್ತಿದೆ. ಚಳಿ ಬಿಡಲಿ."

ಬಟ್ಟೆ ಬದಲಿಸಿದ. ಚಳಿ ಬಿಟ್ಟಿತು. ಅಷ್ಟರಲ್ಲಿ ಕಾರ್ಯದರ್ಶಿ ಓಡುತ್ತ ಬಂದು ಆದೇಶದ ಹಾಳೆ ಮುಂದೆ ಹಿಡಿದ. "ಹೊತ್ತಾಗ್ತಿದೆ ಸರ್. ಎಲ್ಲರೂ ಕಾಯ್ತಿದ್ದಾರೆ."

ಪಂಚಾಕ್ಷರಿ ಹಾಳೆಯನ್ನು ಹತ್ತಿರ ಹಿಡಿದ, ದೂರ ಹಿಡಿದ. ಒಂದಕ್ಷರವೂ ಕಾಣಲಿಲ್ಲ. ಗುರುಗಳು ಅವನ ಕನ್ನಡಕವನ್ನು ತಾವೇ ಏರಿಸಿಕೊಂಡು ಹೊಳೆ ನೋಡುತ್ತ ಕೂತಿದ್ದರು.

"ಬುದ್ಧೀ, ತಮಾಷೆ ಸಾಕು. ಕೊಟ್ಟುಬಿಡಿ."

"ತಮಾಷೆ ಎಲ್ಲಿ ಬಂತಯ್ಯಾ? ನೀನು ಮೀಯುವಾಗ ನಾನೂ ಎರಡೂ ಕಡೆ ವಾದ ಕೇಳಿದೆ. ಕೊಡು ಅನ್ನೋದಕ್ಕೂ ಕಾರಣ ಇದೆ, ಕೊಡಬೇಡ ಅನ್ನೋದಕ್ಕೂ ಇದೆ. ತೂಗಿ ನೋಡಿದೆ. ನನ್ನ ಹತ್ತಿರ ಇದ್ದರೇ ಕನ್ನಡಕಕ್ಕೆ ಕ್ಷೇಮ."

ಪಂಚಾಕ್ಷರಿಗೆ ಸಿಟ್ಟು ನೆತ್ತಿಗೇರಿತು. ಗುರುಗಳ ಮುಂದೆ ಅವನು ದನಿ ಏರಿಸಿದ್ದು ಅದೇ ಮೊದಲು.

"ಒಂದು ಗಳಿಗೆ ಹಿಡಿದಿರಿ ಅಂತ ತಾನೆ ನಾನು ಕೊಟ್ಟದ್ದು? ಇಟ್ಟುಕೊಂಡವರೇ ತೀರ್ಪು ಕೊಡೋದು ಯಾವ ನ್ಯಾಯ..."

ಮಾತು ಅಲ್ಲಿಗೇ ನಿಂತಿತು. ಕಾರ್ಯದರ್ಶಿ ನೆಲ ನೋಡಿದ.

ಗುರುಗಳು ಕೇಳಿದರು. "ನಮ್ಮ ಆಶ್ರಮದ ಸೀಬೆ ತೋಟದ ಕೇಸು ನಿನ್ನ ಮುಂದೆ ಬಂದಿತ್ತಲ್ಲ, ನೆನಪಿದೆಯಾ?"

"ಇದೆ ಬುದ್ಧಿ."

"ಅವತ್ತು ಏನು ಮಾಡಿದೆ?"

"ಇವರು ನನ್ನ ಗುರುಗಳು, ನಾನು ಕೇಳೋ ಹಾಗಿಲ್ಲ ಅಂತ ಪೀಠದಿಂದ ಎದ್ದುಹೋದೆ."

"ಬೇರೆಯವರು ಕೇಳಿದರು. ನಾವು ಸೋತೆವು. ತೋಟ ಕೈಬಿಟ್ಟುಹೋಯಿತು. ಆದರೂ ಅವನು ನನ್ನ ಶಿಷ್ಯ ಅಂತ ಬಂದವರಿಗೆಲ್ಲ ಹೇಳಿಕೊಂಡು ಮೆರೆದೆ ನಾನು."

ಪಂಚಾಕ್ಷರಿಯ ಕಣ್ಣು ತುಂಬಿತು. "ಈ ಸಲ ಕೇಸು ನನ್ನ ಕುರ್ಚಿಯದೇ, ಆದರೂ ಏಳಲಿಲ್ಲ ಬುದ್ಧಿ" ಎಂದ.

ಗುರುಗಳು ಕನ್ನಡಕ ತೆಗೆದು, ಹೊದ್ದ ಶಲ್ಯದ ತುದಿಯಿಂದ ಒರೆಸಿ, ಅವನ ಕೈಗಿಟ್ಟರು.

ಅವನು ಅದನ್ನು ಹಾಕಿಕೊಂಡು ಆದೇಶವನ್ನು ಮೊದಲಿಂದ ಓದಿದ. ಕಾರಣಗಳೆಲ್ಲ ಅಚ್ಚುಕಟ್ಟಾಗಿದ್ದವು. ಹಾಳೆಯನ್ನು ಮಡಿಚಿ, ಹರಿದು, ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ಚುನಾವಣೆ ಹೇಳಿದ ದಿನವೇ ಅಂತ ತಿಳಿಸಿಬಿಡಿ" ಎಂದ ಕಾರ್ಯದರ್ಶಿಗೆ. ಅವನು ಕಾರಿನತ್ತ ಓಡಿದ.

ಆದರೆ ಪಂಚಾಕ್ಷರಿ ಏಳಲಿಲ್ಲ.

"ನಾನು ಹೋದ ಮೇಲೆ ನಿಜಕ್ಕೂ ಊರು ಹೊತ್ತಿಕೊಂಡರೆ?"

"ಹೊತ್ತಿಕೊಳ್ಳಬಹುದು."

"ಜನ ಮತ್ತೆ ಆ ಓಡಿಹೋದವನಂಥವನನ್ನೇ ಆರಿಸಿದರೆ?"

"ಆರಿಸಬಹುದು."

"ಹಾಗಾದರೆ ಈ ಭಯಾನ ನಾನು ಏನು ಮಾಡಲಿ ಬುದ್ಧೀ?"

"ಭಯ ನಿನ್ನದು ಕಣಯ್ಯಾ, ಮನೆಗೆ ತಗೊಂಡು ಹೋಗು. ಕುರ್ಚಿ ಮಾತ್ರ ಅಲ್ಲೇ ಬಿಟ್ಟು ಹೋಗು."