ಉಪ್ಪು ಕೇಳುವ ಕೊರಡು

ನಂಬಬೇಡಿ. ನಂಬದಿರೋ ಗಂಡೆದೆ ಇದ್ದವರು ದೀಪ ಹಚ್ಚೋವರೆಗೂ ಎದ್ದುಹೋಗದೆ ಇಲ್ಲೇ ಕೂತಿರಿ, ನೋಡೋಣ.

ಹೊಗೆಗುಡ್ಡ ಅಂತ ಒಂದು ರಾಜ್ಯ. ಅಲ್ಲಿಯ ರಾಜನ ಅಡುಗೆಮನೆಯಲ್ಲಿ ಮಾಂಸ ಕೊಚ್ಚೋಕೆ ಒಂದು ಕೊರಡೂ ಬಾಳುತ್ತಿರಲಿಲ್ಲ. ಮಾವಿನದು ತಂದರು, ಹುಳ ತಿಂತು. ಬೇವಿನದು ತಂದರು, ಸಾರೆಲ್ಲ ಕಹಿಯಾಯ್ತು. ತೇಗದ್ದು ತಂದರು, ಕತ್ತಿಯೇಟಿಗೆ ಸೀಳಿಹೋಯ್ತು. ಆಗ ಕರೆಸಿದ್ದು ಯಾರನ್ನ? ಈ ಕಾಳಿಂಗನನ್ನ. ಕೊರಡು ಆರಿಸೋದರಲ್ಲಿ ನನ್ನಂಥವನು ಸುತ್ತೇಳು ಊರಲ್ಲಿ ಹುಟ್ಟಿಲ್ಲ.

ಹುಣಸೆಯೇ ಆಗಬೇಕು ಅಂದೆ. ಸುಡುಗಾಡಿನ ಪಕ್ಕದ ತೋಪಿಗೆ ಒಬ್ಬನೇ ಹೋದೆ. ಮೊದಲನೇ ಮರಕ್ಕೆ ಕೊಡಲಿಯ ಹಿಂಬದಿಯಿಂದ ಬಡಿದೆ. ತಮಟೆಯ ಸದ್ದು, ಒಳಗೆ ಪೊಳ್ಳು. ಎರಡನೇದಕ್ಕೆ ಬಡಿದೆ. ಒದ್ದೆ ಸದ್ದು, ಇನ್ನೂ ಎಳಸು. ಮೂರನೇದಕ್ಕೆ ಬಡಿದೆ. ಟಣ್ ಅಂತು. ನಾನು ಮತ್ತೆ ಕೈ ಎತ್ತಿರಲಿಲ್ಲ, ಮರದ ಒಳಗಿಂದ ಯಾರೋ ತಿರುಗಿ ಬಡಿದರು.

ಬೇರೆಯವನಾಗಿದ್ದರೆ ಪಂಚೆ ಬಿಟ್ಟು ಓಡುತ್ತಿದ್ದ. ನಾನು ಕೈಮುಗಿದೆ. "ಅವ್ವಾ, ಒಂದು ತುಂಡು ಕೊಡ್ತೀಯಾ?"

ಗಾಳಿಯಿಲ್ಲ. ಎಲೆ ಅಲುಗಲಿಲ್ಲ. ಮುದುಕಿಯ ದನಿ ಮಾತ್ರ ಬಂತು. "ದೀಪ ಹಚ್ಚೋ ಹೊತ್ತಿಗೆ ಉಪ್ಪು ಹಾಕು ಮಗಾ. ತಪ್ಪಿಸಬೇಡ."

ಬುಡ ಅಡ್ಡಕ್ಕೆ ಕೊಯ್ದು, ಒಂದು ಬೇಸಿಗೆ ನೆರಳಲ್ಲೇ ಒಣಗಿಸಿ ತಂದಿಟ್ಟೆ. ನೀರಲ್ಲಿ ನೆನೆಸಲಿಲ್ಲ, ಬಿಸಿಲಿಗೆ ಒಡ್ಡಲಿಲ್ಲ. ಮುಸ್ಸಂಜೆಯಾದರೆ ಕೊರಡು ತಾನೇ ಟೊಕ್, ಟೊಕ್, ಟೊಕ್ ಅನ್ನೋದು. ಅಡುಗೆಯವರೆಲ್ಲ ಹಿತ್ತಲಿಗೆ ಓಡೋರು. ನಾನು ಕತ್ತಿಯಿಂದ ಕೆರೆದು, ಕಲ್ಲುಪ್ಪು ತಿಕ್ಕಿ, ಅರಿಶಿನ ಬಳಿದು ಬರೋನು. ಆಮೇಲೂ ಬಹಳ ಹೊತ್ತು ಒಳಗೆ ಒಂದು ನರಪಿಳ್ಳೆಯೂ ಕಾಲಿಡುತ್ತಿರಲಿಲ್ಲ.

ಅಡುಗೆಮನೆಯ ಪಾರುಪತ್ತೇಗಾರ ತಿಮ್ಮರಸನಿಗೆ ಅಷ್ಟೇ ಸಾಕಾಯ್ತು. ಒಂದು ಸಂಜೆ ಕೊಕ್ಕೆಗೆ ತೂಗುಹಾಕಿದ್ದ ಕುರಿ ತೊಡೆ ಮಾಯ. ಮಾರನೇ ಸಂಜೆ ಇನ್ನೊಂದು ಮಾಯ. ದೆವ್ವ ತಿಂತು, ದೆವ್ವ ತಂದವನು ಕಾಳಿಂಗ ಅಂತ ರಾಜನ ಕಿವಿಗೆ ಹಾಕಿದ. ತಾನಂತೂ ಆ ಕೊರಡನ್ನ ಕಿರುಬೆರಳಲ್ಲೂ ಮುಟ್ಟಿಲ್ಲ ಅಂತ ಆಣೆ ಇಟ್ಟ. ಮೂರನೇ ತೊಡೆ ಹೋದರೆ ಅದೇ ಕೊರಡಿನ ಮೇಲೆ ನನ್ನ ಬಲಗೈ ಕಡಿಯಬೇಕು ಅಂತ ರಾಜನ ಅಪ್ಪಣೆಯಾಯ್ತು.

ನಾನು ಯೋಚಿಸಿದೆ. ಉಪ್ಪು ಕೇಳೋಳು ಮಾಂಸ ಯಾಕೆ ಕದೀತಾಳೆ? ಕದಿಯೋನು ಮನುಷ್ಯನೇ. ಇಡೀ ತೊಡೆ ಶಾಲಿನಡಿ ಅಡಗಲ್ಲ, ಕೊರಡಿನ ಮೇಲಿಟ್ಟು ತುಂಡು ಮಾಡಲೇಬೇಕು. ಆ ಸಂಜೆ ಅರಿಶಿನವನ್ನ ಗಂಧದ ಹಾಗೆ ದಪ್ಪಗೆ ಬಳಿದೆ.

ಮೂರನೇ ತೊಡೆಯೂ ಹೋಯ್ತು.

ಬೆಳಗ್ಗೆ ಕೊರಡನ್ನ ಸಭೆಗೆ ಹೊತ್ತು ತಂದರು. ಕಡಿಯೋನು ಮಚ್ಚು ಹಿಡಿದು ನಿಂತ. ಈ ಕೈ ಇರೋವಾಗಲೇ ಯಜಮಾನ ತಿಮ್ಮರಸರಿಗೆ ಒಂದು ಸಲ ಎಲೆ ಅಡಿಕೆ ಕೊಟ್ಟುಬಿಡ್ತೀನಿ ಅಂತ ರಾಜನನ್ನ ಬೇಡಿಕೊಂಡೆ.

ತಿಮ್ಮರಸ ನಕ್ಕ. "ಕೊಡೋ ಕೊಡು. ನಾಳೆಯಿಂದ ಎಡಗೈಲಿ ಕೊಟ್ಟರೆ ನಾನು ಇಸ್ಕೊಳ್ಳಲ್ಲ."

ಎಲೆ ತಗೊಂಡ. ಬೆರಳಲ್ಲಿ ಸುಣ್ಣ ತೆಗೆದು ಎಲೆಗೆ ಸವರಿದ. ಬೆರಳು ಕೆಂಪಾಯ್ತು. ಒರೆಸಿದ, ಅಂಗೈ ಕೆಂಪಾಯ್ತು. ಉಜ್ಜಿದ, ಎರಡೂ ಕೈ ರಕ್ತದಲ್ಲಿ ಅದ್ದಿದ ಹಾಗಾಯ್ತು.

"ತೊಳೆದರೂ ಅರಿಶಿನ ಉಳಿಯುತ್ತೆ. ಅದಕ್ಕೆ ಸುಣ್ಣ ತಾಗಿದರೆ ಓಕುಳಿ, ಅದು ಮಕ್ಕಳಿಗೂ ಗೊತ್ತು," ಅಂದೆ. "ಕೊರಡು ಮುಟ್ಟದ ಕೈಗೆ ಅರಿಶಿನ ಎಲ್ಲಿಂದ ಬಂತು, ಯಜಮಾನರೇ?"

ತಿಮ್ಮರಸ ಎರಡೂ ಕೈಯನ್ನ ಶಾಲಿನಡಿ ಮುಚ್ಚಿಕೊಂಡ. ಅವನ ಕೈಯನ್ನೇ ಕೊರಡಿಗಿಡಿ ಅಂದ ರಾಜ. ಹಾಡುಹಗಲು, ಇನ್ನೂ ದೀಪ ಹಚ್ಚೋ ಹೊತ್ತಲ್ಲ. ಟೊಕ್, ಟೊಕ್, ಟೊಕ್. ಈ ಸಲದ ಬಡಿತದಲ್ಲಿ ಹಸಿವಿತ್ತು.

"ಬೇಡಿ ಪ್ರಭು," ಅಂದೆ. "ಮನುಷ್ಯರ ರಕ್ತದ ರುಚಿ ಹತ್ತಿದರೆ ಇದು ಉಪ್ಪಿಗೆ ಸುಮ್ಮನಾಗಲ್ಲ."

ತಿಮ್ಮರಸನನ್ನ ಗಡಿ ದಾಟಿಸಿದರು. ಉಂಡ ಮನೆಗೆ ಕನ್ನ ಹಾಕಿದವನ ಮೇಲೆ ಅವನ ಕೈಯೇ ಸಾಕ್ಷಿ ಹೇಳುತ್ತೆ. ಜೋಪಾನ ಮಾಡಿದವನನ್ನ ಒಣ ಕೊರಡೂ ಕಾಯುತ್ತೆ. ನೀತಿ ಇಷ್ಟೇ.

ನನಗೆ ಒಂದು ಊರನ್ನೇ ಉಂಬಳಿ ಬಿಡ್ತಾರೆ ಅಂತ ಎದೆಯುಬ್ಬಿಸಿ ನಿಂತಿದ್ದೆ. ಸಂಜೆಯೊಳಗೆ ಆ ಕೊರಡನ್ನ ಅರಮನೆಯಿಂದ ಆಚೆ ಸಾಗಿಸು ಅಂದ ರಾಜ. ನನಗೆ ಕೊಟ್ಟಿದ್ದು ಇಗೋ, ಇಲ್ಲಿರೋ ಈ ಕೊರಡು, ಜೊತೆಗೆ ಒಂದು ಮೂಟೆ ಕಲ್ಲುಪ್ಪು.